ಅಮ್ಮನ ಎಂಜಿನ್ನಿಗೆ ಒಂದು ವಾಲ್ವು

ನಿಮ್ಮ ಮಗಳು ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ನಮ್ಮಮ್ಮ ಹಿಟ್ಟು ಜರಡಿ ಹಿಡಿಯುವುದನ್ನು ನಿಲ್ಲಿಸದೆಯೇ ಹೇಳುತ್ತಿದ್ದಳು: "ಮೊಳೆ ಮಾಡ್ತಾಳೆ."

ಮೊಳೆಯಲ್ಲ, ವಾಲ್ವು. ಎಂಜಿನ್ನಿನ ವಾಲ್ವು. ಇದನ್ನು ನಾನು ಅಮ್ಮನಿಗೆ ಎಷ್ಟು ಸಲ ಹೇಳಿದ್ದೇನೋ ಆ ದೇವರಿಗೇ ಗೊತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದನ್ನು ಕೇಳಿ ತಂದು ಅವಳ ಕೈಯಲ್ಲಿಟ್ಟಿದ್ದೆ. ಗೇಣುದ್ದದ ನುಣುಪಾದ ಕಾಲು, ಅದರ ತುದಿಗೆ ಅಗಲವಾದ ತಲೆ. ಅಮ್ಮ ಹಿಂದೆ ಮುಂದೆ ತಿರುಗಿಸಿ ನೋಡಿ, "ಮೊಳೆ ಥರಾನೇ ಇದೆಯಲ್ಲೇ," ಎಂದಳು. ಅವತ್ತಿನಿಂದ ನಮ್ಮದು ಮೊಳೆ ಕಾರ್ಖಾನೆ. ಅಲ್ಲೇ ಗ್ರೈಂಡಿಂಗ್ ಕೆಲಸ ಮಾಡುವ ನನ್ನ ಗಂಡ ಮೊಳೆ ಅಳಿಯ. ಊಟಕ್ಕೆ ಕೂತಾಗ ನಾನು ನನ್ನ ಮಷೀನಿನ ವಿಷಯ ಎತ್ತಿದರೆ ಅಮ್ಮ ಹ್ಞೂ, ಹ್ಞೂ ಅನ್ನುತ್ತಾ ತಟ್ಟೆ ನೋಡಿಕೊಂಡು ತಿನ್ನುತ್ತಿದ್ದಳು. ಗೋಡೆಗೆ ಹೇಳಿದ ಹಾಗೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಇಳಿಸಿಕೊಳ್ಳಲು ತಟ್ಟೆ ಎತ್ತಿಕೊಂಡು ಎದ್ದುಹೋಗುತ್ತಿದ್ದೆ.

ಅಮ್ಮನದು ಹಿಟ್ಟಿನ ಗಿರಣಿ. ನಮ್ಮ ಬೀದಿಯ ತಿರುವಿನಲ್ಲಿ, ಮನೆಗೆ ಅಂಟಿಕೊಂಡೇ ಇದೆ. ಉದ್ದನೆಯ ಒಂದು ಕೋಣೆ, ಬೀಸುವ ಕಲ್ಲು, ತಕ್ಕಡಿ, ಸಾಲಾಗಿಟ್ಟ ಗಿರಾಕಿಗಳ ಡಬ್ಬಿಗಳು. ಹಿಂದಿನ ಗೋಡೆಯಲ್ಲಿ ಒಂದು ಕಿಂಡಿ. ಆ ಕಿಂಡಿಯಿಂದ ಬೆಲ್ಟು ಆಚೆ ಶೆಡ್ಡಿಗೆ ಹೋಗುತ್ತದೆ. ಶೆಡ್ಡಿನಲ್ಲಿ ಕೂತಿರುವುದೇ ಎಂಜಿನ್ನು. ಹಳೇ ಕಾಲದ್ದು, ಒಂದೇ ಸಿಲಿಂಡರಿನದು, ಪಕ್ಕದಲ್ಲಿ ಆಳೆತ್ತರದ ಚಕ್ರ. ಅದನ್ನು ಅಮ್ಮ ಯಾರ ಹಂಗೂ ಇಲ್ಲದೆ ತಾನೇ ದುಡಿದು ತಂದದ್ದು. ಟಪ್, ಟಪ್, ಟಪ್ ಎಂದು ಬೆಳಗಿನಿಂದ ಸಂಜೆಯವರೆಗೆ ಓಡುತ್ತದೆ. ಆ ಸದ್ದಿನಲ್ಲೇ ನಾನು ಹುಟ್ಟಿ ಬೆಳೆದದ್ದು. ನಮ್ಮ ಮನೆಯಲ್ಲಿ ಎಲ್ಲರದೂ ದೊಡ್ಡ ಗಂಟಲು, ಅದಕ್ಕೂ ಅದೇ ಕಾರಣ.

ಆ ಬುಧವಾರ ಶಿಫ್ಟು ಮುಗಿಸಿ ಬರುವಾಗ ಬೀದಿ ಬಿಕೋ ಎನ್ನುತ್ತಿತ್ತು. ಏನು ಕಡಿಮೆಯಾಗಿದೆ ಎಂದು ನನಗೆ ತಕ್ಷಣ ಹೊಳೆಯಲಿಲ್ಲ. ಗಿರಣಿಯ ಮುಂದೆ ಡಬ್ಬಿ ಹಿಡಿದ ಹೆಂಗಸರು ಪಿಸಪಿಸ ಮಾತಾಡುತ್ತಿದ್ದರು. ಆ ಬೀದಿಯಲ್ಲಿ ಪಿಸಪಿಸ ಮಾತು ಕೇಳಿಸಿದ್ದು ಅದೇ ಮೊದಲು. ಎಂಜಿನ್ನಿನ ಟಪ್ ಟಪ್ ನಿಂತುಹೋಗಿತ್ತು.

ಶೆಡ್ಡಿನಲ್ಲಿ ಅಮ್ಮ ಬೋರಲು ಹಾಕಿದ ಡಬ್ಬಿಯ ಮೇಲೆ ಕೂತಿದ್ದಳು. ಎಂಜಿನ್ನಿನ ತಲೆ ಬಿಚ್ಚಿ ನೆಲಕ್ಕಿಟ್ಟಿತ್ತು. ಅದರ ಪಕ್ಕದಲ್ಲಿ ಮೋಟಾರಿನವನು. ಈ ಎಂಜಿನ್ನಿನ ರಿಪೇರಿಯೆಲ್ಲ ಮೊದಲಿನಿಂದ ಅವನದೇ, ಜೊತೆಗೆ ಕರೆಂಟಿನ ಮೋಟಾರು ಮಾರುವ ಅಂಗಡಿ ಇದೆ.

"ಹೊಗೆ ಬಿಡೋ ವಾಲ್ವು ಸುಟ್ಟು ಹೋಗಿದೆ," ಎಂದ ಅವನು. "ಇದನ್ನ ಮಾಡ್ತಿದ್ದ ಕಂಪನಿ ಮುಚ್ಚಿ ಯಾವ ಕಾಲ ಆಯ್ತೋ. ಎಲ್ಲಾ ಕಡೆ ಕೇಳಿ ನೋಡಿದೆ, ಸಿಗಲ್ಲ. ಅಮ್ಮನಿಗೆ ಹೇಳಿದೀನಿ, ಸೋಮವಾರ ಬೆಳಿಗ್ಗೆ ಗಾಡಿ ತರ್ತೀನಿ. ಹೊಸ ಮೋಟಾರು ಕೂರಿಸಿ, ಇದನ್ನ ಹೊತ್ಕೊಂಡು ಹೋಗ್ತೀನಿ."

"ನೀನು ಏನಂದೆ?" ಎಂದು ಅಮ್ಮನನ್ನು ಕೇಳಿದೆ.

"ಬಾ ಅಂದೆ," ಎಂದಳು ಅಮ್ಮ. "ತಿರುಗಿದ್ರೆ ಇರ್ಲಿ, ತಿರುಗದೆ ಇದ್ರೆ ಹೋಗ್ಲಿ. ಮಾಡೋದೇನು, ಮುದ್ದಾಡ್ತಾ ಕೂರೋದಾ?"

ಹಾಗೆಂದವಳು ಕೈಯಲ್ಲಿದ್ದ ಬಟ್ಟೆಯಿಂದ ಎಂಜಿನ್ನಿನ ಮೈ ಒರೆಸುತ್ತಲೇ ಇದ್ದಳು. ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಳು. ಅವಳ ಮಾತು ಕೇಳಬಾರದು, ಕೈ ನೋಡಬೇಕು.

ಮೋಟಾರಿನವನು ಸುಟ್ಟ ವಾಲ್ವನ್ನು ಎತ್ತಿ ನನ್ನ ಕೈಗೆ ಕೊಟ್ಟ. ತಲೆಯ ಅಂಚಿನಲ್ಲಿ ಇಲಿ ಕಡಿದಂತೆ ಒಂದು ಚೂರು ಹೋಗಿತ್ತು. ಹೇಳಿಬಿಡುತ್ತೇನೆ, ಆ ದುಃಖದಲ್ಲೂ ನನ್ನೊಳಗೆ ಸಣ್ಣದೊಂದು ಖುಷಿ ಕುಣಿಯಿತು. ಇಷ್ಟು ವರ್ಷ ಕಾದ ಗಳಿಗೆ ಬಂದಿತ್ತು.

"ಅಮ್ಮಾ, ನೋಡು. ನಾನು ಮಾಡೋದು ಇದನ್ನೇ."

ಅಮ್ಮ ನೋಡಿದಳು. "ಇದಾ? ಆ ಮೊಳೆನಾ? ನನ್ನ ಎಂಜಿನ್ ಒಳಗೂ ಇತ್ತಾ ಅದು?"

"ಎರಡಿದೆ. ಎಂಜಿನ್ನೂ ನಮ್ಮ ಹಾಗೇ ಉಸಿರಾಡುತ್ತಮ್ಮ. ಒಂದು ಗಾಳಿ ಒಳಗೆ ಬಿಡೋ ಬಾಗಿಲು, ಒಂದು ಹೊಗೆ ಹೊರಗೆ ಬಿಡೋ ಬಾಗಿಲು. ಬಾಗಿಲು ಸರಿಯಾಗಿ ಮುಚ್ಚದಿದ್ರೆ ಉಸಿರು ಸೋರಿ ಹೋಗುತ್ತೆ."

"ಹಾಗಾದ್ರೆ ಒಂದು ಮಾಡ್ಕೊಂಡು ಬಾ," ಎಂದಳು, ಬರುವಾಗ ಒಂದು ಕಟ್ಟು ಸೊಪ್ಪು ತಾ ಎನ್ನುವಷ್ಟು ಸಲೀಸಾಗಿ. ನಾನೂ ಅಷ್ಟೇ ಸಲೀಸಾಗಿ ಆಯಿತು ಎಂದೆ. ಸೋಮವಾರಕ್ಕೆ ಮೊದಲು ಆ ಎಂಜಿನ್ನು ತಿರುಗಬೇಕು, ಅದರೊಳಗೆ ನಾನು ಮಾಡಿದ ವಾಲ್ವು ಇರಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ.

ಮನೆಯಲ್ಲಿ ಗಂಡನಿಗೆ ಹೇಳಿದರೆ ಅವನು ತಲೆ ಮೇಲೆ ಕೈ ಹೊತ್ತು ಕೂತ. ಕಾರ್ಖಾನೆಯಲ್ಲಿ ಅವನಿಗೆ ಕೂದಲೆಳೆ ಎಂದು ಹೆಸರು. ಎಲ್ಲವನ್ನೂ ಕೂದಲ ಲೆಕ್ಕದಲ್ಲಿ ಅಳೆಯುವ ಮನುಷ್ಯ, ಮಾತನ್ನೂ.

"ಏನೇ, ಒಂದು ವಾಲ್ವು ಅಂದ್ರೆ ಸುಲಭ ಅಂದ್ಕೊಂಡ್ಯಾ?"

ಸುಲಭವಲ್ಲ ಎಂದು ನನಗೂ ಗೊತ್ತಿತ್ತು. ನಮ್ಮಲ್ಲಿ ವಾಲ್ವುಗಳು ಬುಟ್ಟಿ ಬುಟ್ಟಿ ಹುಟ್ಟುತ್ತವೆ. ಒಂದು ಅಳತೆಗೆ ಮಷೀನುಗಳನ್ನೆಲ್ಲ ಸೆಟ್ ಮಾಡಿದರೆ ವಾರಗಟ್ಟಲೆ ಅದೇ ಓಡುತ್ತದೆ. ಅಂಥ ಕಡೆ ಹೋಗಿ ಒಂದೇ ಒಂದು ಮಾಡಿಕೊಡಿ ಎನ್ನುವುದು, ಮದುವೆಮನೆಯ ಒಲೆಯಲ್ಲಿ ಒಂದು ಲೋಟ ಕಾಫಿ ಕಾಸಿಕೊಡಿ ಎಂದಂತೆ.

ಮಾರನೆಯ ದಿನ ಮ್ಯಾನೇಜರ ಮುಂದೆ ನಿಂತೆ. ಒಳ್ಳೆಯ ಮನುಷ್ಯ, ಆದರೆ ಇಲ್ಲ ಎಂಬ ಮಾತನ್ನು ಮೊದಲೇ ಬಾಯಲ್ಲಿಟ್ಟುಕೊಂಡು ಕೂತಿರುತ್ತಾರೆ.

"ನೋಡಮ್ಮ, ಲಾರಿ ತುಂಬ ವಾಲ್ವು ಕೇಳು, ಸಂಜೆಯೊಳಗೆ ಕೊಡ್ತೀನಿ. ಒಂದೇ ಒಂದು ಕೇಳಬೇಡ."

"ಸಾರ್, ನಾಳೆ ಲಾರಿ ಎಂಜಿನ್ನಿನ ದೊಡ್ಡ ವಾಲ್ವಿಗೆ ಸೆಟ್ಟಿಂಗ್ ಬದಲಾಯಿಸ್ತೀವಿ ತಾನೇ?"

"ಹೌದು."

"ಬದಲಾಯಿಸಿದ ಮೇಲೆ ಮೊದಲು ಬರೋ ನಾಲ್ಕೈದು ಪೀಸು ಏನ್ ಮಾಡ್ತೀವಿ?"

"ಗುಜರಿಗೆ ಹಾಕ್ತೀವಿ. ಸೆಟ್ಟಿಂಗ್ ನೋಡೋಕೆ ತಾನೇ ಅವು."

"ಆ ಗುಜರಿ ನಮ್ಮಮ್ಮನಿಗೆ ಕೊಡಿ. ನಮ್ಮಮ್ಮನ ವಾಲ್ವಿಗೂ ಹೆಚ್ಚುಕಡಿಮೆ ಅದೇ ದಪ್ಪದ ಸರಳು ಸಾಕು. ತಲೆ ದೊಡ್ಡದಾದ್ರೆ ಲೇತಲ್ಲಿ ಇಳಿಸ್ಕೋತೀವಿ. ನಿಮ್ಮ ಲೈನು ಒಂದು ಕ್ಷಣ ನಿಲ್ಲಲ್ಲ."

ಮ್ಯಾನೇಜರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ನಿನ್ನ ಹತ್ರ ವಾದ ಮಾಡಿ ಗೆದ್ದೋರು ಯಾರಾದ್ರೂ ಇದಾರಾ?"

"ನಮ್ಮಮ್ಮ ಇದಾಳೆ ಸಾರ್."

ನಕ್ಕುಬಿಟ್ಟರು. ನಕ್ಕ ಮೇಲೆ ಇಲ್ಲ ಎನ್ನಲು ಅವರಿಗೆ ಬರುವುದಿಲ್ಲ.

ಮುಂದಿನದನ್ನು ಹೇಳುವ ಮೊದಲು ನಮ್ಮಲ್ಲಿನ ಒಂದು ಪದ್ಧತಿ ಹೇಳಬೇಕು. ನಮ್ಮ ಪ್ರತಿಯೊಂದು ಮಷೀನಿನ ಪಕ್ಕದಲ್ಲೂ ಹಸಿರು ಬಟ್ಟೆ ಹಾಸಿದ ಸಣ್ಣ ಮರದ ಪೆಟ್ಟಿಗೆ ಇರುತ್ತದೆ. ಅದರಲ್ಲಿ ಮಲಗಿರುವುದು ಮಾಸ್ಟರ್. ಅಂದರೆ ಅಳತೆಗೆ ಇಟ್ಟ ಮಾದರಿ ವಾಲ್ವು. ಬೆಳಿಗ್ಗೆ ಬಂದವರು ಮಾಸ್ಟರನ್ನು ಅಳತೆಯ ಗಡಿಯಾರದ ಕೆಳಗಿಟ್ಟು ಮುಳ್ಳನ್ನು ಸೊನ್ನೆಗೆ ತರಬೇಕು. ಆಮೇಲೆ ಮಾಡಿದ ಮಾಲನ್ನು ಇಟ್ಟಾಗಲೂ ಮುಳ್ಳು ಸೊನ್ನೆಯಲ್ಲೇ ನಿಂತರೆ ಮಾಲು ಸರಿ, ಆಚೀಚೆ ಹೋದರೆ ತಪ್ಪು. ಮಾಸ್ಟರ್ ಸರಿಯಾ ಎಂದು ಯಾರೂ ಕೇಳುವುದಿಲ್ಲ. ಮಾಸ್ಟರ್ ಹೇಳಿದ್ದೇ ವೇದವಾಕ್ಯ.

ಅಮ್ಮನ ಸುಟ್ಟ ವಾಲ್ವನ್ನು ಸೀಮೆಎಣ್ಣೆಯಲ್ಲಿ ತಿಕ್ಕಿ ತೊಳೆದು ಆ ಹಸಿರು ಹಾಸಿಗೆಯ ಮೇಲೆ ಮಲಗಿಸಿದವಳು ಭೂತಗನ್ನಡಿ. ತಪಾಸಣೆ ವಿಭಾಗದ ಅಕ್ಕ. ಕೊರಳಲ್ಲಿ ಸದಾ ಒಂದು ಭೂತಗನ್ನಡಿ ನೇತಾಡುತ್ತಿರುತ್ತದೆ. ನಮ್ಮ ಕಣ್ಣಿಗೆ ಕಾಣದ ಗೆರೆ ಅವಳಿಗೆ ಕಂದಕದ ಹಾಗೆ ಕಾಣುತ್ತದೆ. ಅವಳು ನಕ್ಕಿದ್ದನ್ನು ಕಂಡವರಿಲ್ಲ. "ಅಮ್ಮನ ಕೆಲಸ ಅಂತ ಸಡಿಲ ಬಿಡಲ್ಲ, ಗೊತ್ತಿರ್ಲಿ," ಎಂದು ನನಗೆ ಮೊದಲೇ ಹೇಳಿದಳು.

ಶುಕ್ರವಾರ ಸೆಟ್ಟಿಂಗ್ ಬದಲಾಯಿತು. ವಾಲ್ವಿನ ಸರಳು ನನ್ನ ಹತ್ತಿರ ಬರುವ ಹೊತ್ತಿಗೆ ಅದು ಒಂದಲ್ಲ, ಎರಡು ಉಕ್ಕು ಸೇರಿ ಆದದ್ದಾಗಿರುತ್ತದೆ. ತಲೆಯ ಭಾಗ ಬೆಂಕಿ ತಾಳುವ ಉಕ್ಕು, ಕಾಲಿನ ಭಾಗ ಸವೆತ ತಾಳುವ ಉಕ್ಕು. ಎರಡನ್ನೂ ಮೂತಿಗೆ ಮೂತಿ ಒತ್ತಿ ಒಂದನ್ನು ಗಿರ್ರನೆ ತಿರುಗಿಸುತ್ತಾರೆ. ಉಜ್ಜಿ ಉಜ್ಜಿ ಕಾದು ಅವು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಆಮೇಲೆ ಏನು ಮಾಡಿದರೂ ಬಿಡುವುದಿಲ್ಲ. ನನ್ನ ಗಂಡನದೂ ನನ್ನದೂ ಮದುವೆ ಹೀಗೇ ಆದದ್ದು. ಬೆಂಕಿಯ ಉಕ್ಕು ಯಾರು ಎಂದು ಕಾರ್ಖಾನೆಯಲ್ಲಿ ಯಾರೂ ಕೇಳುವುದಿಲ್ಲ.

ಇನ್ನು ನನ್ನ ಮಷೀನು. ಸರಳನ್ನು ಹಿಡಿಸಿ ಕರೆಂಟು ಬಿಟ್ಟರೆ ತುದಿ ಮೊದಲು ಮಂಕಾಗಿ ಕೆಂಪಾಗುತ್ತದೆ, ಆಮೇಲೆ ಕಿತ್ತಳೆ ಬಣ್ಣ. ಹಿಂದಿನಿಂದ ಒತ್ತುತ್ತಾ ಹೋದಂತೆ ತುದಿ ಊದುತ್ತದೆ. ಊದಿ ಊದಿ ಥೇಟ್ ಈರುಳ್ಳಿ. ನಾವೆಲ್ಲ ಅದನ್ನು ಈರುಳ್ಳಿ ಎಂದೇ ಕರೆಯುವುದು. ಕೆಂಡದಂತಿರುವಾಗಲೇ ಇಕ್ಕಳದಲ್ಲಿ ಹಿಡಿದು ಪ್ರೆಸ್ಸಿನ ಅಚ್ಚಿಗೆ ಇಳಿಸಬೇಕು. ಧಡ್ ಎಂದು ಒಂದೇ ಏಟು. ಈರುಳ್ಳಿ ಹೋಗಿ ಛತ್ರಿ ಅರಳಿರುತ್ತದೆ. ವರ್ಷಗಟ್ಟಲೆ ನೋಡಿದ್ದೇನೆ, ಇವತ್ತಿಗೂ ಬೇಸರ ಬಂದಿಲ್ಲ. ಅವತ್ತು ಅಮ್ಮನ ಛತ್ರಿ ಅರಳಿದಾಗಂತೂ ಅಲ್ಲೇ ಕುಣಿಯೋಣ ಅನ್ನಿಸಿತು, ಕೈಯಲ್ಲಿ ಇಕ್ಕಳ ಇತ್ತು ಅಂತ ಸುಮ್ಮನಿದ್ದೆ. ಒಂದು ಬಿರುಕು ಬಿಟ್ಟರೆ ಇನ್ನೊಂದು ಇರಲಿ ಎಂದು ಸೆಟ್ಟಿಂಗಿನ ಆ ನಾಲ್ಕೈದನ್ನೂ ಒಟ್ಟಿಗೇ ಕುಲುಮೆಗೆ ಕಳಿಸಿದೆವು.

ಶನಿವಾರ ಬೆಳಿಗ್ಗೆ ಕುಲುಮೆಯಿಂದ ಹದವಾಗಿ ಬಂದವು. ಸುದ್ದಿ ಆಗಲೇ ಎಲ್ಲ ಕಡೆ ಹಬ್ಬಿತ್ತು. ಕ್ಯಾಂಟೀನಿನಲ್ಲಿ, ಗೇಟಿನಲ್ಲಿ, ಕೈ ತೊಳೆಯುವ ನಲ್ಲಿಯ ಹತ್ತಿರ, ಎಲ್ಲರದೂ ಒಂದೇ ಪ್ರಶ್ನೆ: "ಅಮ್ಮನ ವಾಲ್ವು ಎಲ್ಲಿಗೆ ಬಂತು?" ಲೇತಿನವರು ಎಲ್ಲದರ ತಲೆಯನ್ನೂ ಅಳತೆಗಿಳಿಸಿದರು. ಬೆಸುಗೆಯವರು ಅಂಚಿಗೆ ಗಟ್ಟಿ ಲೋಹದ ಒಂದು ಸುತ್ತು ಹಾಕಿದರು, ಇನ್ನೊಂದು ಸಲ ಸುಡದಿರಲಿ ಎಂದು. ತಮ್ಮ ಊಟದ ಹೊತ್ತಿನಲ್ಲಿ, ಬಾಯಲ್ಲಿ ತುತ್ತಿಟ್ಟುಕೊಂಡೇ ಮಾಡಿದರು. ಅವುಗಳಲ್ಲಿ ಚೆಂದವಾಗಿ ಬಂದ ಒಂದನ್ನು ನನ್ನ ಗಂಡ ಆರಿಸಿಕೊಂಡ. ತಿರುಗುವ ಎರಡು ಕಲ್ಲುಗಳ ನಡುವೆ ಕಾಲನ್ನು ತೂರಿಸಿ ತೂರಿಸಿ ನಯ ಮಾಡಿದ. ಒಂದೊಂದು ಸಲಕ್ಕೂ ತೆಗೆದು ಅಳತೆಯ ಮುಳ್ಳು ನೋಡುತ್ತಿದ್ದ. ಮುಳ್ಳು ಸೊನ್ನೆಯ ಮೇಲೆ ಗಪ್ಪೆಂದು ನಿಂತಿತು.

ಭೂತಗನ್ನಡಿ ಅದನ್ನು ದೀಪದ ಕೆಳಗೆ ತಿರುಗಿಸಿದಳು, ಬಿರುಕು ತೋರಿಸುವ ಬಣ್ಣ ಹಚ್ಚಿ ಒರೆಸಿದಳು, ಮಾಸ್ಟರಿನ ಪಕ್ಕದಲ್ಲಿಟ್ಟು ಮತ್ತೆ ಅಳೆದಳು. ನಾವೆಲ್ಲ ಅವಳ ಸುತ್ತ ನಿಂತಿದ್ದೆವು.

"ಮಾಸ್ಟರಿಗೂ ಇದಕ್ಕೂ ಒಂದಿಷ್ಟೂ ವ್ಯತ್ಯಾಸ ಇಲ್ಲ," ಎಂದಳು. "ಇಷ್ಟು ಚೆನ್ನಾಗಿರೋ ಪೀಸು ನಾನು ನೋಡೇ ಇಲ್ಲ."

ಹೊಗಳಿಕೆ, ಅದೂ ಅವಳ ಬಾಯಿಂದ. ನನ್ನ ಗಂಡನ ಕಿವಿ ಕೆಂಪಾದವು.

ಸಂಜೆ ಶೆಡ್ಡಿನಲ್ಲಿ ಬೀದಿಯ ಅರ್ಧ ಜನ ಸೇರಿದ್ದರು. ಗಂಡ ವಾಲ್ವನ್ನು ಕೂರಿಸಿದ, ಎಂಜಿನ್ನಿನ ತಲೆ ಮುಚ್ಚಿದ, ಚಕ್ರಕ್ಕೆ ಕೈ ಕೊಟ್ಟ. ನಾನೂ ಕೈ ಕೊಟ್ಟೆ. ತಿರುಗಿಸಿದೆವು. ಟಪ್ ಎಂದಿತು. ಟಪ್, ಟಪ್. ಹೆಂಗಸರು ಚಪ್ಪಾಳೆ ತಟ್ಟಲು ಕೈ ಎತ್ತಿದರು. ಅಷ್ಟರಲ್ಲಿ ಎಂಜಿನ್ನು ಗೊರಗೊರ ಕೆಮ್ಮಿತು, ಕಪ್ಪನೆ ಹೊಗೆ ಕಾರಿತು, ನಿಂತೇ ಹೋಯಿತು. ಮತ್ತೆ ತಿರುಗಿಸಿದೆವು. ಮತ್ತೆ ಅದೇ ಕೆಮ್ಮು. ಭುಜ ಬಿದ್ದುಹೋಗುವವರೆಗೆ ತಿರುಗಿಸಿದೆವು. ಜನ ಒಬ್ಬೊಬ್ಬರಾಗಿ, ನಮ್ಮ ಮುಖ ನೋಡದೆ, ಡಬ್ಬಿ ಎತ್ತಿಕೊಂಡು ಹೋದರು.

"ಬಿಡಿ ಅಳಿಯಂದಿರೇ, ಕೈ ನೋವು ಮಾಡ್ಕೋಬೇಡಿ," ಎಂದಳು ಅಮ್ಮ. "ಸೋಮವಾರ ಹೇಗೂ ಬರ್ತಾನಲ್ಲ ಅವನು."

ಒಳಗೆ ಹೋಗಿ ಒಂದು ಹೊದಿಕೆ ತಂದು ಎಂಜಿನ್ನಿನ ಮೇಲೆ ಹೊದಿಸಿದಳು. ಗೋಣಿಚೀಲವಲ್ಲ. ಮನೆಗೆ ನೆಂಟರು ಬಂದರೆ ಮಾತ್ರ ತೆಗೆಯುವ, ಮಡಿಕೆ ಮುರಿಯದ ಹೊದಿಕೆ. ಮೂಲೆಗಳನ್ನು ಎಳೆದು ಸರಿಮಾಡಿ ಒಳಗೆ ಹೋದಳು. ನನಗೆ ಅಳು ಬಂತು. ನನಗೆ ಅಳು ಬಂದರೆ ಹಿಂದೆಯೇ ಕೋಪ ಬರುತ್ತದೆ, ಕೋಪ ಬಂದರೆ ಎದುರಿಗೆ ಗಂಡ ಇರುತ್ತಾನೆ.

"ನಿಮ್ಮ ಗ್ರೈಂಡಿಂಗೇ ಸರಿಯಿಲ್ಲ," ಎಂದೆ.

"ಮುಳ್ಳು ಸೊನ್ನೆಯಲ್ಲಿತ್ತು ಕಣೇ. ನೀನೇ ನೋಡಿದೆ."

"ಸೊನ್ನೆ ಅಂತೆ ಸೊನ್ನೆ. ಬಿಚ್ಚಿ, ನೋಡೇಬಿಡ್ತೀನಿ."

ಮುಖ ಊದಿಸಿಕೊಂಡು ಬಿಚ್ಚಿದ. ವಾಲ್ವಿನ ಕಾಲು ಆಡುವ ಕೊಳವೆಗೆ ಗೈಡು ಅನ್ನುತ್ತಾರೆ. ಹೋದ ವರ್ಷವಷ್ಟೇ ಮೋಟಾರಿನವನು ಆ ಗೈಡನ್ನು ಬದಲಿಸಿ ಹೊಸದು ಹಾಕಿದ್ದ, ಅದು ಸವೆದಿರಲಾರದು. ಹೊಸ ವಾಲ್ವನ್ನು ಅದರಲ್ಲಿಟ್ಟು ತಲೆ ಹಿಡಿದು ಅಲ್ಲಾಡಿಸಿದೆ. ಲೊಡಲೊಡ. ಸುಟ್ಟ ಹಳೆಯದನ್ನು ಇಟ್ಟು ಅಲ್ಲಾಡಿಸಿದೆ. ಅಷ್ಟೇ ಲೊಡಲೊಡ, ಒಂದು ಕೂದಲೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಕಾಲು ಹೀಗೆ ಓಲಾಡಿದರೆ ತಲೆ ನೆಟ್ಟಗೆ ಕೂರುವುದೆಲ್ಲಿಂದ, ಬಾಗಿಲು ಮುಚ್ಚುವುದೆಲ್ಲಿಂದ?

ನನಗೆ ಏನೋ ಹೊಳೆಯತೊಡಗಿತು. ಗಂಡನ ಜೇಬಿನಿಂದ ಮೈಕ್ರೋಮೀಟರ್ ಕಿತ್ತುಕೊಂಡೆ. ಅದು ಅವನ ಜೇಬು ಬಿಟ್ಟು ಎಲ್ಲೂ ಇರುವುದಿಲ್ಲ. ಹಳೆಯ ವಾಲ್ವಿನ ಕಾಲನ್ನು ನಡುವೆ ಅಳೆದೆ. ಆಮೇಲೆ ತಲೆಗೆ ತೀರ ಹತ್ತಿರ, ಗೈಡಿನೊಳಗೆ ಎಂದೂ ಹೋಗದ ಜಾಗದಲ್ಲಿ ಅಳೆದೆ. ಅಲ್ಲಿ ಕಾಲು ದಪ್ಪವಿತ್ತು.

"ರೀ," ಎಂದೆ. "ಇಷ್ಟು ವರ್ಷ ಗೈಡಲ್ಲಿ ಉಜ್ಜಿ ಉಜ್ಜಿ ಇದರ ಕಾಲು ಸವೆದಿತ್ತು. ನಾವು ಸವೆದಿದ್ದನ್ನೇ ಮಾಸ್ಟರ್ ಅಂತ ಪೆಟ್ಟಿಗೆಯಲ್ಲಿ ಮಲಗಿಸಿದೀವಿ. ಮುಳ್ಳು ಸೊನ್ನೆಗೆ ತಂದು, ಆ ಸವೆತಾನೂ ಸೇರಿಸಿ ನಕಲು ಮಾಡಿದೀವಿ."

ಗಂಡ ನನ್ನ ಮುಖ ನೋಡಿದ, ವಾಲ್ವು ನೋಡಿದ. "ಸುಟ್ಟು ಹೋದ ಚೂರೊಂದನ್ನ ಮಾತ್ರ ಬಿಟ್ವಿ," ಎಂದ.

"ಅಷ್ಟು ಬುದ್ಧಿ ಇತ್ತಲ್ಲ, ಪುಣ್ಯ."

ಅವನ ಭುಜ ಮೊದಲು ಅಲ್ಲಾಡಿತು. ಆಮೇಲೆ ನಗು ಹೊರಬಿತ್ತು. ನಗುತ್ತಾ ಹಿಂದೆ ಸರಿದು ಹಿಟ್ಟಿನ ಚೀಲದ ಮೇಲೆ ಕೂತ, ಬುಸ್ಸೆಂದು ಹಿಟ್ಟು ಎದ್ದು ಮೀಸೆಯೆಲ್ಲ ಬೆಳ್ಳಗಾಯಿತು. ಅದನ್ನು ನೋಡಿ ನಾನು ಹೊಟ್ಟೆ ಹಿಡಿದುಕೊಂಡೆ. ಕಾರ್ಖಾನೆ ಪೂರ್ತಿ ಸೇರಿ, ಊಟ ಬಿಟ್ಟು, ಭೂತಗನ್ನಡಿಯ ಪ್ರಮಾಣಪತ್ರದ ಸಮೇತ, ಪ್ರಪಂಚದಲ್ಲೇ ಅತಿ ಅಚ್ಚುಕಟ್ಟಾದ ಸವೆದ ವಾಲ್ವನ್ನು ತಯಾರಿಸಿದ್ದೆವು.

"ಎಂಜಿನ್ ಸತ್ತು ಕೂತಿದೆ, ಗಂಡ ಹೆಂಡ್ತಿಗೆ ನಗು," ಎನ್ನುತ್ತಾ ಅಮ್ಮ ಬಾಗಿಲಿಗೆ ಬಂದಳು.

"ಅಮ್ಮಾ, ಚಪ್ಪಲಿ ಹೊಲಿಯೋನಿಗೆ ನಿನ್ನ ಹಳೇ ಚಪ್ಪಲಿ ಕೊಟ್ಟು ಇದೇ ಥರ ಇನ್ನೊಂದು ಮಾಡಿಕೊಡಪ್ಪಾ ಅಂತ ನೀನು ಹೇಳಿದ್ರೆ, ಅವನು ಸವೆದ ಹಿಮ್ಮಡಿನೂ ಅದೇ ಥರ ಸವೆಸಿ ಕೊಟ್ರೆ ಹೇಗಿರುತ್ತೆ?"

"ಎರಡು ಕೊಡ್ತೀನಿ ಅವನಿಗೆ, ಆ ಚಪ್ಪಲೀಲೇ."

"ಅದನ್ನೇ ಮಾಡಿದೀವಿ ಕಣಮ್ಮ."

ಅಮ್ಮ ಬಾಗಿಲಿನ ಚೌಕಟ್ಟು ಹಿಡಿದುಕೊಂಡು ನಗತೊಡಗಿದಳು. ಕಣ್ಣೀರು ಹರಿದು ಕೆನ್ನೆಯ ಹಿಟ್ಟಿನಲ್ಲಿ ಗೆರೆ ಮೂಡಿದವು. ಬುಧವಾರದಿಂದ ಅವಳು ನಕ್ಕಿರಲಿಲ್ಲ.

ಉಳಿದದ್ದು ಭಾನುವಾರ ಒಂದೇ. ಗಂಡ ಆ ಗೈಡಿನ ಒಳಗಳತೆ ತೆಗೆದುಕೊಂಡ. ಕುಲುಮೆಗೆ ಜೊತೆಯಲ್ಲೇ ಹೋಗಿ ಬಂದಿದ್ದ ಮಿಕ್ಕ ಪೀಸುಗಳ ಕಾಲು ಇನ್ನೂ ದಪ್ಪವಾಗೇ ಇದ್ದವು, ನಯ ಮಾಡಿದರೆ ಸಾಕಿತ್ತು. ಆದರೆ ಅವು ಗುಜರಿ ಲೆಕ್ಕದವು, ಶನಿವಾರ ಸಂಜೆ ಗುಜರಿ ಲಾರಿ ಬಂದು ಡಬ್ಬಿ ಖಾಲಿ ಮಾಡಿಕೊಂಡು ಹೋಗುತ್ತದೆ. ಬೆಳಿಗ್ಗೆ ಕಾರ್ಖಾನೆಗೆ ಹೋದೆವು, ನಾನು ಫೋನು ಮಾಡಿದ್ದಕ್ಕೆ ಮ್ಯಾನೇಜರು ಬೀಗದ ಕೈ ಹಿಡಿದು ಮನೆಯ ಚಪ್ಪಲಿಯಲ್ಲೇ ಬಂದಿದ್ದರು. ನಾನು ಓಡಿಹೋಗಿ ಗುಜರಿ ಡಬ್ಬಿಗೆ ಇಣುಕಿದೆ. ತಳ ಕಾಣುತ್ತಿತ್ತು.

"ಅಲ್ಲಿ ಏನ್ ಹುಡುಕ್ತೀಯಾ?" ಹಿಂದೆ ಭೂತಗನ್ನಡಿ ನಿಂತಿದ್ದಳು. ನನ್ನ ಗಂಡ ಫೋನು ಮಾಡಿ ಹೇಳಿದ್ದನಂತೆ. ತನ್ನ ಮೇಜಿನ ಖಾನೆ ಎಳೆದಳು. ಉಳಿದ ವಾಲ್ವುಗಳು ಬಟ್ಟೆಯಲ್ಲಿ ಸುತ್ತಿ ಮಲಗಿದ್ದವು. "ಇವುಗಳಲ್ಲಿ ಏನೂ ತಪ್ಪು ಸಿಕ್ಕಿರ್ಲಿಲ್ಲ ನನಗೆ. ತಪ್ಪಿಲ್ಲದ ಮಾಲನ್ನ ಗುಜರಿಗೆ ಹೇಗೆ ಹಾಕೋದು?"

ನಾನು ಅವಳನ್ನು ತಬ್ಬಿಕೊಂಡೆ. ಮರದ ಕಂಬದ ಹಾಗೆ ನಿಂತಿದ್ದಳು.

"ಅದಿರ್ಲಿ, ಸವೆದಿದ್ದನ್ನ ಮಾಸ್ಟರ್ ಪೆಟ್ಟಿಗೇಲಿ ಇಟ್ಟಿದ್ದು ಯಾರು?" ಎಂದರು ಮ್ಯಾನೇಜರು.

ಎಲ್ಲರೂ ಸೂರು ನೋಡಿದೆವು. "ನಾನೇ," ಎಂದಳು ಭೂತಗನ್ನಡಿ. ಹೇಳಿದವಳೇ ನಕ್ಕಳು. ಹೌದು, ನಕ್ಕಳು. ಅವಳಿಗೆ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆ, ಅವತ್ತೇ ಗೊತ್ತಾದದ್ದು.

ಖಾಲಿ ಕಾರ್ಖಾನೆಯಲ್ಲಿ ಒಂದೇ ಮಷೀನು ಓಡಿತು. ನನ್ನ ಗಂಡ ಕಲ್ಲುಗಳ ನಡುವೆ ವಾಲ್ವನ್ನು ತೂರಿಸುತ್ತಾ, ತೆಗೆಯುತ್ತಾ, ಒರೆಸುತ್ತಾ, ಅಳೆಯುತ್ತಾ ನಿಂತ. ಈ ಸಲ ಪೆಟ್ಟಿಗೆಯ ಕಡೆ ಕಣ್ಣೆತ್ತಿ ನೋಡಲಿಲ್ಲ. ನಾನು ಬೇಗ ಬೇಗ ಎಂದೆ. ಅವನು ಕಿವಿಗೇ ಹಾಕಿಕೊಳ್ಳಲಿಲ್ಲ. ಕಡೆಗೆ ಅದನ್ನು ನನ್ನ ಕೈಗಿಟ್ಟು, "ಈಗ ಬೈ ನೋಡೋಣ," ಎಂದ. ಬೈಯಲಿಲ್ಲ. ಆ ವಾಲ್ವಿನ ಕಾಲಿನಲ್ಲಿ ನನ್ನ ಮುಖ ಉದ್ದುದ್ದವಾಗಿ ಕಾಣುತ್ತಿತ್ತು, ಬಾಯಿ ಕಿವಿಯವರೆಗೆ ಹೋಗಿತ್ತು.

ಮಧ್ಯಾಹ್ನ ಶೆಡ್ಡಿನಲ್ಲಿ ನಾವು ನಾಲ್ವರು ಮತ್ತು ಅಮ್ಮ. ವಾಲ್ವನ್ನು ಗೈಡಿಗೆ ಇಳಿಸಿ ಅಲ್ಲಾಡಿಸಿದೆ. ಮಿಸುಕಲಿಲ್ಲ, ಆದರೆ ಬೆರಳಿನಿಂದ ಎತ್ತಿಬಿಟ್ಟರೆ ಸುಯ್ ಎಂದು ತಾನಾಗಿ ಇಳಿಯಿತು. ತಲೆ ಮುಚ್ಚಿದೆವು. ಚಕ್ರಕ್ಕೆ ಕೈ ಕೊಡಲು ಹೋದರೆ ಅಮ್ಮ ನನ್ನನ್ನು ಪಕ್ಕಕ್ಕೆ ಸರಿಸಿದಳು.

"ಸರಿ ಆಕಡೆ. ನನ್ನ ಎಂಜಿನ್ನು."

ಒಂದು ಕಡೆ ಅಮ್ಮ, ಒಂದು ಕಡೆ ಅಳಿಯ. ಚಕ್ರ ಒಂದು ಸುತ್ತು ಬಂತು, ಎರಡು ಸುತ್ತು ಬಂತು. ಟಪ್. ನಾನು ಕಣ್ಣು ಮುಚ್ಚಿಕೊಂಡೆ. ಟಪ್, ಟಪ್. ಕೆಮ್ಮು ಬರಲಿಲ್ಲ. ಟಪ್, ಟಪ್, ಟಪ್, ಟಪ್. ನೆಲ ನಡುಗತೊಡಗಿತು, ಶೆಡ್ಡಿನ ತಗಡು ಝಣಝಣ ಎಂದಿತು, ಬೆಲ್ಟು ಓಡಿತು, ಗೋಡೆಯಾಚೆ ಕಲ್ಲು ಗುಡುಗಿತು. ಎದುರುಮನೆಯ ಕಿಟಕಿ ತೆರೆಯಿತು, ಅದರ ಪಕ್ಕದ್ದು ತೆರೆಯಿತು, ಯಾರೋ ಆಚೆಯಿಂದ ಕೂಗಿದರು. ಏನು ಕೂಗಿದರೋ ಕೇಳಿಸಲಿಲ್ಲ. ಆ ಕೇಳಿಸದಿರುವುದು ಎಷ್ಟು ಹಿತವಾಗಿತ್ತು ಎಂದರೆ, ನಾನು ನಗುತ್ತಿದ್ದೇನೋ ಅಳುತ್ತಿದ್ದೇನೋ ನನಗೇ ತಿಳಿಯಲಿಲ್ಲ.

ಡಬ್ಬಿಗಳು ಬರತೊಡಗಿದವು. ಮ್ಯಾನೇಜರು ತಾವಾಗಿಯೇ ಮೂಟೆ ಹೊತ್ತರು, ಭೂತಗನ್ನಡಿ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿ ಇನ್ನೂ ನುಣ್ಣಗಾಗಬೇಕು ಎಂದಳು. ಗಂಡ ತಲೆಯಿಂದ ಕಾಲಿನವರೆಗೆ ಬೆಳ್ಳಗಾದ. ಅಮ್ಮ ಮಾತ್ರ ಎಂಜಿನ್ನಿನ ಮೈ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತಳು. ನಾನು ಹತ್ತಿರ ಹೋಗಿ ಅವಳ ಮುಖವನ್ನೇ ನೋಡಿದೆ. ಏನಾದರೂ ಹೇಳುತ್ತಾಳೆ ಎಂದು.

"ಹ್ಞೂ, ತಿರುಗ್ತಿದೆ," ಎಂದು ನನ್ನ ಕಿವಿಯ ಹತ್ತಿರ ಕೂಗಿ ಜರಡಿಯ ಕಡೆ ಹೋದಳು.

ಇಷ್ಟೇನಾ ಎಂದು ನನಗೆ ಉರಿದುಹೋಯಿತು.

ಸೋಮವಾರ ನನ್ನದು ಎರಡನೇ ಶಿಫ್ಟು, ಬೆಳಿಗ್ಗೆ ಗಿರಣಿಯಲ್ಲೇ ಇದ್ದೆ. ಮೋಟಾರಿನವನು ಗಾಡಿ ತಂದು ಬಾಗಿಲಲ್ಲಿ ನಿಲ್ಲಿಸಿದ. ಬಾಯಿ ಆಡಿಸಿದ, ಕೈ ಆಡಿಸಿದ. ಅಮ್ಮ ಕಿವಿ ತೋರಿಸಿ ಕೇಳಿಸಲ್ಲ ಎಂದು ಸನ್ನೆ ಮಾಡಿದಳು. ಅವನು ಶೆಡ್ಡಿಗೆ ಹೋಗಿ ಎಂಜಿನ್ನಿನ ಸುತ್ತ ಒಂದು ಸುತ್ತು ಬಂದು, ಕತ್ತು ಓರೆ ಮಾಡಿ ಸದ್ದು ಕೇಳಿ, ನನ್ನ ಬೆನ್ನು ತಟ್ಟಿ, ಗಾಡಿಯಲ್ಲಿದ್ದ ಹೊಸ ಮೋಟಾರಿನ ಪಕ್ಕಕ್ಕೆ ಒಂದು ಹಿಟ್ಟಿನ ಚೀಲ ಹೇರಿಕೊಂಡು ಹೋದ.

ಅವನ ಹಿಂದೆಯೇ ಹೊಸ ಗಿರಾಕಿಯೊಬ್ಬಳು ಬಂದಳು. ಕಾಳು ಸುರಿಯುವ ತೊಟ್ಟಿಯ ಬಾಯಲ್ಲಿ ಅಮ್ಮ ಒಂದು ದಪ್ಪ ಅಯಸ್ಕಾಂತ ಕಟ್ಟಿದ್ದಾಳೆ, ಕಾಳಿನಲ್ಲಿ ಕಬ್ಬಿಣದ ಚೂರು ಬಂದರೆ ಹಿಡಿಯಲಿ ಎಂದು. ಅವತ್ತು ಆ ಅಯಸ್ಕಾಂತಕ್ಕೆ ನಮ್ಮ ಮೊದಲನೆಯ ವಾಲ್ವು, ಆ ಸವೆದ ನಕಲು, ಅಂಟಿಕೊಂಡು ನಿಂತಿತ್ತು. ಯಾವಾಗ ಅಲ್ಲಿಟ್ಟಳೋ ನಾನು ನೋಡಿರಲಿಲ್ಲ.

"ಇದೇನಮ್ಮ, ಇಷ್ಟು ದೊಡ್ಡ ಮೊಳೆ?" ಎಂದು ಆಕೆ ಗಂಟಲು ಏರಿಸಿ ಕೇಳಿದಳು.

ನನ್ನ ಮೂಗಿನ ತುದಿ ಬಿಸಿಯಾಯಿತು. ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅಮ್ಮ ಜರಡಿ ಕೆಳಗಿಟ್ಟಳು.

"ಮೊಳೆ ಅಲ್ಲ, ವಾಲ್ವು ಅದು," ಎಂದಳು. ಸಿಡುಕಿನ ಧ್ವನಿ, ಥೇಟ್ ನನ್ನದೇ. "ಎಂಜಿನ್ ವಾಲ್ವು. ನೋಡಿದ್ದನ್ನೆಲ್ಲ ಮೊಳೆ ಅನ್ನೋದಲ್ಲ." ವಾಲ್ವನ್ನು ಕಿತ್ತು ತಲೆಯ ಕಡೆಯಿಂದ ಅಯಸ್ಕಾಂತಕ್ಕೆ ತಾಗಿಸಿದಳು. ಅಂಟಲಿಲ್ಲ. ತಿರುಗಿಸಿ ಕಾಲನ್ನು ತಾಗಿಸಿದಳು. ಟಕ್ಕೆಂದು ಹಿಡಿಯಿತು. "ಕಂಡ್ರಾ? ತಲೆ ಒಂದು ಉಕ್ಕು, ಕಾಲು ಒಂದು ಉಕ್ಕು. ತಲೆ ಬೆಂಕಿ ತಡೆಯುತ್ತೆ, ಕಾಲು ಸವೆತ ತಡೆಯುತ್ತೆ. ಎರಡನ್ನೂ ಉಜ್ಜಿ ಅಂಟಿಸ್ತಾರೆ. ಆಮೇಲೆ ಕರೆಂಟು ಕೊಟ್ಟು ತುದೀನ ಕೆಂಡ ಮಾಡಿ ಒತ್ತಿದ್ರೆ ಈರುಳ್ಳಿ ಥರ ಊದುತ್ತೆ. ಪ್ರೆಸ್ಸಲ್ಲಿ ಒಂದೇ ಏಟು ಹೊಡೆದ್ರೆ ಛತ್ರಿ ಥರ ಅರಳುತ್ತೆ. ಅದಕ್ಕೆ ಕೈ ಹದ ಬೇಕು. ಎಲ್ಲರಿಗೂ ಬರಲ್ಲ."

ನಾನು ಗೋಡೆಗೆ ಒರಗಿಕೊಂಡೆ. ಈ ವಾರ ನಾನು ಅವಳಿಗೆ ಈರುಳ್ಳಿಯ ವಿಷಯ ಹೇಳಿರಲಿಲ್ಲ. ಛತ್ರಿಯದೂ ಹೇಳಿರಲಿಲ್ಲ. ಅವೆಲ್ಲ ವರ್ಷಗಳ ಹಿಂದೆ ಊಟಕ್ಕೆ ಕೂತಾಗ ಹೇಳಿದ್ದು, ಅವಳು ತಟ್ಟೆ ನೋಡಿಕೊಂಡು ಹ್ಞೂ, ಹ್ಞೂ ಅನ್ನುತ್ತಿದ್ದಾಗ. ಒಂದು ಮಾತನ್ನೂ ಅವಳು ಬಿಟ್ಟಿರಲಿಲ್ಲ.

"ಯಾರು ಮಾಡಿದ್ದಮ್ಮ ಇದು?" ಎಂದಳು ಆಕೆ.

ಅಮ್ಮ ನನ್ನ ಕಡೆ ನೋಡದೆ ಗದ್ದ ಮಾತ್ರ ನನ್ನ ಕಡೆ ತೋರಿಸಿದಳು. "ನನ್ನ ಮಗಳು. ಇದು ಮೊದಲನೇದು, ಕೆಟ್ಟಿತ್ತು. ಎರಡನೇದು ಒಳಗೆ ಓಡ್ತಿದೆ, ಕೇಳಿ."

ಮೂವರೂ ನಿಂತು ಕೇಳಿದೆವು. ಟಪ್, ಟಪ್, ಟಪ್. ಆಮೇಲೆ ಅಮ್ಮ ಜರಡಿ ಎತ್ತಿಕೊಂಡಳು.